ಆಯಿ ಯಾರು, ತಾಯಿ ಯಾರು?

ನನ್ನ ಮೊಮ್ಮಗಳು ಆರನೇ ಇಯತ್ತೆ. ಮೊನ್ನೆ ಸಿಟ್ಟಿನಿಂದ ಹಿಂದಿ ಅಭ್ಯಾಸದ ವಹಿ ತಂದು ನನ್ನ ಮುಂದಿಟ್ಟಳು. ‘ಬಚ್ಚೋಂ ಕೋ ಅಚ್ಛೀ ಶಿಕ್ಷಾ ಮಿಲನೀ ಚಾಹಿಯೇ’ ಎಂಬುದನ್ನು ಕನ್ನಡಕ್ಕೆ ತಿರುಗಿಸಬೇಕಿತ್ತು. ‘ಮಕ್ಕಳಿಗೆ ಒಳ್ಳೇ ಶಿಕ್ಷೆ ಸಿಗಬೇಕು’ ಎಂದು ಬರೆದಿದ್ದಳು. “ಪುಸ್ತಕದಾಗ ಹಿಂಗ್ಯಾಕ ಬರದಾರ ಅಜ್ಜಾ?” ಎಂದಳು. ಅಡುಗೆಮನೆಯಲ್ಲಿದ್ದ ಅವಳ ಆಯಿಗೆ, ಅಂದರೆ ಅಜ್ಜಿಗೆ, ನಗು ತಡೆಯಲಾಗಲಿಲ್ಲ.

ಮಕ್ಕಳೇ, ಹಿಂದಿಯ ಶಿಕ್ಷಾ ಎಂದರೆ ಕಲಿಕೆ. ನಮ್ಮ ಶಿಕ್ಷೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಸಂಸ್ಕೃತದ ಒಂದೇ ಮಾತು ಎರಡು ಮನೆಗಳಲ್ಲಿ ಬೆಳೆದು ಬೇರೆ ಬೇರೆ ಸ್ವಭಾವ ಪಡೆದಿದೆ. ಪ್ರೇಮಚಂದರು ಉಪನ್ಯಾಸ ಬರೆದರು ಎಂದು ಹಿಂದಿಯಲ್ಲಿ ಓದಿದರೆ ಭಾಷಣ ಎಂದುಕೊಳ್ಳಬೇಡಿ, ಅದು ಕಾದಂಬರಿ. ಅವಸರ ಎಂದರೆ ಅಲ್ಲಿ ಅವಕಾಶ, ಇಲ್ಲಿ ಗಡಿಬಿಡಿ.

ಇಂಥ ಮಾತುಗಳನ್ನು ಫ್ರೆಂಚರು ‘ಸುಳ್ಳು ಗೆಳೆಯರು’ ಎನ್ನುತ್ತಾರೆ. ತಮ್ಮವರನ್ನು ಮೋಸಗೊಳಿಸುವ ಇಂಗ್ಲಿಷ್ ಮಾತುಗಳನ್ನು ಕೂಡಿಸಿ ಅವರಲ್ಲಿಬ್ಬರು 1928ರಲ್ಲಿ ಪುಸ್ತಕವನ್ನೇ ಮಾಡಿದರು. ಫ್ರೆಂಚಿನ ‘ಲಿಬ್ರೇರಿ’ ಗ್ರಂಥಾಲಯವಲ್ಲ, ಪುಸ್ತಕದ ಅಂಗಡಿ. ಪೋರ್ಚುಗೀಸರ ಬಾಗಿಲ ಮೇಲೆ ‘ಪುಶ್’ ಎಂದು ಕೇಳಿಸುವ ಮಾತಿದ್ದರೆ ದೂಡಬೇಡಿ, ಎಳೆಯಿರಿ! ಅಷ್ಟು ದೂರ ಯಾಕೆ, ಬ್ಯಾಂಕಿನಲ್ಲಿ ನಾನು ‘ಈ ಸಾಲಿನ ಸಾಲ’ ಎಂದು ಎಷ್ಟು ಸಲ ಬರೆದಿದ್ದೇನೋ. ಮೊದಲನೆಯದು ಪಾರಸಿಯ ಸಾಲ್, ಅಂದರೆ ವರ್ಷ. ಎರಡನೆಯದು ನಮ್ಮದೇ, ತೀರಿಸಲೇಬೇಕಾದದ್ದು.

ಆದರೆ ಇವರಿಂದ ನಾನು ನಿಜವಾಗಿ ಪೇಚಿಗೆ ಸಿಕ್ಕಿದ್ದು ನಮ್ಮ ಮಹಾಲಿಂಗಪುರದ ಸಂತೆಯಲ್ಲಿ, 30 ವರ್ಷಗಳ ಹಿಂದೆ. ಗದಗ ಕಡೆಯಿಂದ ವರ್ಗವಾಗಿ ಬಂದ ಹೊಸತು, ಮರಾಠಿ ಬಾರದು. ಕಬ್ಬಿನ ಹಂಗಾಮು. ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯ ಗ್ಯಾಂಗಿನವರು ಬಂದು ಗುಡಿಸಲು ಹಾಕಿದ್ದರು. ಸಂತೆಯ ನಡುವೆ ಮೂರು ವರ್ಷದ ಕೂಸೊಂದು ‘ಆಯೀ, ಆಯೀ’ ಎಂದು ಅಳುತ್ತ ನಿಂತಿತ್ತು. ಎತ್ತಿಕೊಂಡೆ. ಆಯಿ ಎಂದರೆ ಅಜ್ಜಿ ತಾನೇ? ಕಂಡ ಕಂಡ ಮುದುಕಿಯರನ್ನೆಲ್ಲ “ಯವ್ವಾ, ಈ ಕೂಸು ನಿಮ್ಮದೇನ್ರಿ?” ಎಂದು ಕೇಳುತ್ತ ತಿರುಗಿದೆ.

ಅಷ್ಟರಲ್ಲಿ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಓಡಿ ಬಂದು ಕೈ ಚಾಚಿದಳು. ಯಾರು ನೀನು ಎಂದೆ. “ಮೀ ಆಯಿ” ಎಂದಳು. ಈ ವಯಸ್ಸಿಗೆ ಅಜ್ಜಿಯೇ? ಮಕ್ಕಳ ಕಳ್ಳಿ ಇರಬೇಕೆಂದು ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅದು ಆಕೆಯತ್ತ ಜಗ್ಗುತ್ತಿತ್ತು, ನಾನು ಬಿಡಲಿಲ್ಲ. ಜನ ಸೇರಿದರು. ಪೊಲೀಸರನ್ನು ಕರೆಯಿರಿ ಎಂದರು ಯಾರೋ. ಆಕೆಯ ಹಿಂದೆ ಎಂಟು ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು. ಅವಳನ್ನು ನೋಡಿ ಕೂಸು “ತಾಯೀ!” ಎಂದಿತು. ನನ್ನ ತಲೆ ಕೆಟ್ಟೇ ಹೋಯಿತು. ಇಪ್ಪತ್ತೈದರ ಅಜ್ಜಿ, ಎಂಟು ವರ್ಷದ ತಾಯಿ!

ಬೆಲ್ಲದ ಅಡತಿ ಅಂಗಡಿಯ ಹಿರಿಯರೊಬ್ಬರು ಗದ್ದಲ ಕೇಳಿ ಇಳಿದು ಬಂದರು. “ಸಾಹೇಬ್ರ, ಕೂಸು ಆಕೀ ಕೈಯಾಗ ಕೊಡ್ರಿ. ಮರಾಠಿಯೊಳಗ ಆಯಿ ಅಂದ್ರ ಹಡದಾಕಿ. ತಾಯಿ ಅಂದ್ರ ಅಕ್ಕ.”

ಕೊಟ್ಟೆ. ಆಕೆ ಒಂದು ಮಾತೂ ಆಡದೆ ಕೂಸನ್ನು ಅವಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಕೈ ನಡುಗುತ್ತಿದ್ದವು. ಪರಊರಿನಲ್ಲಿ, ಅಷ್ಟು ಜನರ ಎದುರು, ತನ್ನ ಕೂಸು ತನ್ನದೇ ಎಂದು ಹೇಳಿದರೂ ನಂಬದವನು ನಾನು. ತಪ್ಪಾಯಿತು ಎನ್ನಲು ಆಕೆಯ ಭಾಷೆ ನನಗೆ ಬಾರದು. ಪಕ್ಕದ ಗಾಡಿಯಿಂದ ಚುರಮುರಿ ಪೊಟ್ಟಣ ತಂದು ಕೂಸಿನ ಕೈಗಿಟ್ಟೆ. ಅದು ಕಣ್ಣೊರೆಸಿಕೊಂಡು “ತಾಯೀಲಾ ಪಣ” ಎಂದಿತು.

ಪಣವೇ? ಯಾವ ಪಣ? ಹಿರಿಯರ ಮುಖ ನೋಡಿದೆ.

“ಅಕ್ಕಗೂ ಬೇಕಂತರಿ.”

ಇನ್ನೊಂದು ಪೊಟ್ಟಣ ಕಟ್ಟಿಸಿದೆ.