ಸುಂಕದವನ ಮುಂದೆ ಸ್ಯಾಕ್ಸೊಫೋನ್

ದಕ್ಷಿಣ ಕನ್ನಡದ ಮದುವೆ ಚಪ್ಪರದಲ್ಲಿ, ದೇವಸ್ಥಾನದ ಉತ್ಸವದಲ್ಲಿ ಸ್ಯಾಕ್ಸೊಫೋನ್ ಇದ್ದರೇ ಕಳೆ. ಬಂಟ್ವಾಳ ತಾಲೂಕಿನ ನಾಗಸ್ವರದವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಆ ಫಾರಿನ್ ವಾದ್ಯಕ್ಕೆ ಕರ್ನಾಟಕ ಸಂಗೀತ ಕಲಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರಲ್ಲಿ ಅವರು ತೀರಿಕೊಂಡರು. ಅವರ ದಾರಿ ಹಿಡಿದವರ ಹೊಟ್ಟೆಪಾಡು ಇಂದಿಗೂ ಅದರಲ್ಲೇ.

ಆದರೆ ವಾದ್ಯ ಎಲ್ಲಿಂದ ತರಬೇಕು? ಮೀರತ್‌ನಲ್ಲಿ ಬ್ಯಾಂಡಿನ ಹಿತ್ತಾಳೆ ವಾದ್ಯ ತಯಾರಾಗುತ್ತವೆ, ನಿಜ. ಕಛೇರಿಗೆ ಕೂರುವವರು ಹುಡುಕುವುದು ಫ್ರಾನ್ಸಿನದು, ಜಪಾನಿನದು. ಗಲ್ಫಿನಿಂದ ಬರುವ ಭಾವನ ಕೈಲಿ ತರಿಸೋಣವೆಂದರೆ ಬಜ್ಪೆಯಲ್ಲಿ ಇಳಿದ ಕೂಡಲೇ ಎದುರಿಗೆ ಕಸ್ಟಮ್ಸ್ ಮೇಜು!

2016ರ ಬ್ಯಾಗೇಜ್ ನಿಯಮದ ಲೆಕ್ಕ ನೋಡಿ. 50,000 ರೂ.ವರೆಗೆ ಮಾಫಿ ಇತ್ತು. ಅದರ ಮೇಲಿನದಕ್ಕೆ ಶೇ. 35 ಸುಂಕ, 2018ರಲ್ಲಿ ಸುಂಕದ ಮೇಲೊಂದು ಮೇಲ್ತೆರಿಗೆ ಕೂಡಿ ಶೇ. 38.5. ಅಂದರೆ 1,20,000 ರೂ. ವಾದ್ಯಕ್ಕೆ 26,950 ರೂ. ಅಲ್ಲೇ ಎಣಿಸಬೇಕಿತ್ತು. ಮಿತಿ ಏರಬಹುದು, ದರ ಇಳಿಯಬಹುದು. ಸೆಂಟು, ವಾಚುಗಳ ಸಾಲಿನಲ್ಲೇ ವಾದ್ಯವನ್ನೂ ನಿಲ್ಲಿಸುವ ಬುದ್ಧಿ ಬದಲಾಗಬೇಡವೇ?

ಸರಕಾರಕ್ಕೆ ಇದು ತಿಳಿಯದ್ದೇನಲ್ಲ. 2017ರಲ್ಲಿ ಜಿಎಸ್‌ಟಿ ತಂದಾಗ ಕೈಯಲ್ಲಿ ಮಾಡಿದ ದೇಶೀ ವಾದ್ಯಗಳಿಗೆ ವಿನಾಯಿತಿ ಕೊಟ್ಟಿತು. ಉಳಿದ ವಾದ್ಯಗಳ ಮೇಲೆ ಹೇರಿದ್ದ ಶೇ. 28ನ್ನು ಅದೇ ನವೆಂಬರಿನಲ್ಲಿ ಶೇ. 18ಕ್ಕೆ ಇಳಿಸಿತು. ಅದಕ್ಕೂ ಹಿಂದೆ, 1998ರ ಬ್ಯಾಗೇಜ್ ನಿಯಮದಲ್ಲಿ, ಹೊರದೇಶದಲ್ಲಿ ದುಡಿದು ಬಂದವನ ಕಸುಬಿನ ಸಾಮಾನಿಗೆ ಬೇರೆಯೇ ರಿಯಾಯಿತಿ ಇತ್ತು. ಬಡಗಿ, ಪ್ಲಂಬರ್, ವೆಲ್ಡರ್, ಗಾರೆ ಕೆಲಸದವ ಎಂದು ಹೆಸರು ಹಿಡಿದೇ ಬರೆದಿದ್ದರು. ಗಾರೆಯವನಿಗೆ ಕರಣೆ ಹೇಗೋ ವಾದಕನಿಗೆ ವಾದ್ಯ ಹಾಗೆ ತಾನೇ?

"ನಾವು ತೆರಿಗೆ ಕಟ್ಟೋದಿಲ್ವಾ?" ಎಂದು ಅಂಗಡಿಯವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಅಂಗಡಿಯ ತಕ್ಕಡಿಯನ್ನು ಯಾರಾದರೂ ಷೋಕಿ ಸಾಮಾನು ಅಂದಾರೆ? ಪೂರ್ತಿ ಮಾಫಿ ಬೇಡ. ನುಡಿಸಿಯೇ ಬದುಕುವವನಿಗೆ ಒಂದು ವಾದ್ಯ, ಕಡಿಮೆ ಸುಂಕ, ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು. ಇಷ್ಟಾದರೆ ಸಾಕು.

ಸುಂಕದವನ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲ ಅನ್ನುತ್ತಾರೆ. ಮೇಜಿನ ಹಿಂದಿರುವ ಅಧಿಕಾರಿ ಪುಸ್ತಕದಲ್ಲಿ ಇದ್ದಂತೆ ವಸೂಲು ಮಾಡುತ್ತಾನೆ, ಅವನದೇನು ತಪ್ಪು? ಪುಸ್ತಕ ಬರೆಯುವುದು ದಿಲ್ಲಿಯಲ್ಲಿ. ಉತ್ಸವದ ದಿನ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವ ಎಂಪಿಗಳು ಅಲ್ಲೊಮ್ಮೆ ಬಾಯಿ ಬಿಡುವರೇ?