ಕೈ ನಡುಗಿದಾಗ

ಮುಲುಂಡ್, ಡೊಂಬಿವಲಿಗಳ ಎರಡು ಕೋಣೆಯ ಮನೆಗಳಲ್ಲಿ ಜಪಮಾಲೆ ಹಿಡಿದ ಹಿರಿಯರ ಕೈ ನಡುಗತೊಡಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದು ನಮ್ಮ ವಾಡಿಕೆ. ವರ್ಷಗಳು ಕಳೆದು, ನಿತ್ಯ ಹೇಳುತ್ತಿದ್ದ ಸ್ತೋತ್ರದ ನಡುವೆ ಅವರು ತಡವರಿಸಿದರೆ, ಸ್ಟೇಷನ್ನಿನಿಂದ ಮನೆಗೆ ಬರುವ ದಾರಿ ತಪ್ಪಿದರೆ, ಅದನ್ನು ಹಳೆಯ ನಡುಕದೊಡನೆ ಯಾರೂ ಜೋಡಿಸಿ ನೋಡುವುದಿಲ್ಲ.

1817ರಲ್ಲಿ ಈ ವ್ಯಾಧಿಯನ್ನು ವರ್ಣಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಕೂಡ ಬುದ್ಧಿಗೆ ಇದರಿಂದ ಹಾನಿಯಿಲ್ಲವೆಂದೇ ಭಾವಿಸಿದ್ದನು. ಆ ಭಾವನೆ ನಿಲ್ಲಲಿಲ್ಲ. ಮಿದುಳಿನಲ್ಲಿ ಡೋಪಮೈನ್ ಉತ್ಪಾದಿಸುವ ಜೀವಕೋಶಗಳು ನಶಿಸಿದಂತೆ ಚಲನೆ ಮಂದವಾಗುತ್ತದೆ. ರೋಗ ವ್ಯಾಪಿಸಿದಂತೆ ಹಲವರಲ್ಲಿ ಗಮನ, ಯೋಚನೆಯ ವೇಗ, ನೆನಪುಗಳೂ ಕುಂದುತ್ತವೆ. ಎಲ್ಲರಿಗೂ ಹೀಗಾಗುವುದಿಲ್ಲ. ಖಿನ್ನತೆಯೂ ಇಂಥದೇ ಮಂದಗತಿಯನ್ನು ತರಬಲ್ಲದು, ಅದರ ಚಿಕಿತ್ಸೆ ಬೇರೆ. ನರರೋಗತಜ್ಞರಲ್ಲಿಗೆ ಬೇಗ ಹೋಗಬೇಕಾದುದು ಇದಕ್ಕಾಗಿಯೇ.

ಇದೇ ಮುಂಬಯಿಯಲ್ಲಿ ಡಾ. ಭರೂಚಾ ಮತ್ತು ಸಂಗಡಿಗರು ಪಾರ್ಸಿ ಕಾಲನಿಗಳ 14,010 ಜನರ ನಡುವೆ ಮನೆಮನೆ ಸಮೀಕ್ಷೆ ನಡೆಸಿ, ಲಕ್ಷಕ್ಕೆ ಸುಮಾರು 328 ಮಂದಿಗೆ ಪಾರ್ಕಿನ್ಸನ್ ಇರುವುದನ್ನು 1988ರಲ್ಲಿ ಪ್ರಕಟಿಸಿದರು. 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಮಾನ್ಯತೆ ಪಡೆದ ನಮ್ಮ ಸಮಾಜದ ಮುಖಂಡರು, ಪಂಚಕಲ್ಯಾಣಗಳಲ್ಲಿ ಸವಾಲು ಕೂಗುವಾಗಿನ ಉತ್ಸಾಹದ ಒಂದಂಶವನ್ನಾದರೂ ಇಂಥ ಎಣಿಕೆಗೆ ತೋರಿಯಾರೇ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ರೋಗವೂ ಇದೆ; ಪ್ರಮಾಣಪತ್ರ ಕೇಳಲು ಮಾತ್ರ ನಮಗೆ ಸಂಕೋಚ.

ಇನ್ನು ವ್ರತದ ವಿಷಯ. ಲೆವೊಡೋಪಾ ಮಾತ್ರೆಯನ್ನು ಗಡಿಯಾರ ನೋಡಿಯೇ ಕೊಡಬೇಕು. ದಿಢೀರನೆ ನಿಲ್ಲಿಸಿದರೆ ಮೈ ಸೆಟೆದು, ಜ್ವರ ಏರಿ, ಬುದ್ಧಿ ಭ್ರಮಿಸಿ ಪ್ರಾಣಕ್ಕೇ ಎರವಾಗಬಹುದು. ಚತುರ್ದಶಿಯ ಉಪವಾಸವೆಂದೋ ಸೂರ್ಯಾಸ್ತವಾಯಿತೆಂದೋ ಅದನ್ನು ತಪ್ಪಿಸುವುದು ಯಾವ ಅಹಿಂಸೆ?

ಇದಕ್ಕಿಂತ ಸೂಕ್ಷ್ಮವಾದುದು ಸಲ್ಲೇಖನ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆಗೆ ಸಮನೆಂದಾಗ ನಾವು ಬೀದಿಗಿಳಿದೆವು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು. ಪೂರ್ಣ ಎಚ್ಚರದಲ್ಲಿ, ಸ್ವಇಚ್ಛೆಯಿಂದ ಸ್ವೀಕರಿಸುವ ವ್ರತವಿದು ಎಂಬುದೇ ಅಂದು ನಮ್ಮ ವಾದವಾಗಿತ್ತು. ಹಾಗಿರುವಾಗ, ನುಂಗಲಾರದೆ, ಮನಸ್ಸು ಮಸುಕಾಗಿ ತಟ್ಟೆಯನ್ನು ದೂಡುವ ಅಜ್ಜಿಯ ನಿರಾಕರಣೆಯನ್ನು ವ್ರತವೆಂದು ಸಂಭ್ರಮಿಸಲು ನಮಗೆ ಅಧಿಕಾರವಿಲ್ಲ. ಮುನಿಸಂಘಗಳೂ ಭಟ್ಟಾರಕರೂ ಈ ಭೇದವನ್ನು ಸ್ಪಷ್ಟ ಮಾತುಗಳಲ್ಲಿ ಸಾರಬೇಕೆಂದು ನಮ್ಮ ಸವಿನಯ ಬಿನ್ನಹ.