ಹೆಸರು ನಮ್ಮದು, ಮೆಟ್ಟಿಲು ಎಲ್ಲಿ?

2022ರ ಆಗಸ್ಟ್ ತಿಂಗಳ ಆ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಜೇವರ್ಗಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಒಂದೇ ಮೊಬೈಲಿನ ಮೇಲೆ ಏಳೆಂಟು ತಲೆಗಳು ಬಾಗಿದ್ದವು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಹಾರಾಜ ಟ್ರೋಫಿ ಟಿ20 ಫೈನಲ್ ನಡೆದಿತ್ತು. ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ತಂಡ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಅದರ ಅಂಗಳದಲ್ಲೇ ಸೋಲಿಸಿತು. ಕಪ್ಪು ನಮ್ಮ ಮನೆಗೇ ಬಂತೆಂಬಂತೆ ಕುಣಿದೆವು. ಗ್ಲಾಸು ತೊಳೆಯುತ್ತಿದ್ದ ಅಂಗಡಿಯ ಕಾಕಾ ಕೇಳಿದರು, ‘ಗೆದ್ರಲ್ಲಪ್ಪ, ಛಲೋ ಆಯ್ತು. ಅದರಾಗ ನಮ್ಮ ತಾಲ್ಲೂಕಿನ ಹುಡುಗ್ರು ಯಾರ್ ಅದಾರ?’ ನಮಗೆ ಒಂದು ಹೆಸರೂ ಹೊಳೆಯಲಿಲ್ಲ.

ಅಂದಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ನಾನು ಮಧ್ಯಮ ವೇಗಿ. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಕಡೆಯ ಎರೆಹೊಲಗಳೇ ಮೈದಾನವಾಗುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಟೆನಿಸ್ ಬಾಲ್ ಟೂರ್ನಿಗಳು ನಡೆಯುತ್ತವೆ. ಯಾರದೋ ಹುಟ್ಟುಹಬ್ಬಕ್ಕೆ ಒಂದು ಕಪ್ಪು, ಜಾತ್ರೆಗೆ ಇನ್ನೊಂದು ಕಪ್ಪು. ಟಂಟಂನಲ್ಲಿ ಹನ್ನೊಂದು ಜನ ತುಂಬಿಕೊಂಡು ಭೀಮಾ ನದಿ ದಾಟಿ ಹೋಗಿ ಆಡಿ ಬಂದಿದ್ದೇವೆ. ಅಲ್ಲಿ ಕಂಡ ಕೆಲವು ಹುಡುಗರ ಬ್ಯಾಟಿಂಗ್ ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಲೆದರ್ ಬಾಲ್ ನನ್ನ ಕೈಗೆ ಮೊದಲು ಬಂದದ್ದು ಪದವಿಯ ಎರಡನೇ ವರ್ಷದಲ್ಲಿ. ಅದೇ ವರ್ಷ ಒಂದು ಆಯ್ಕೆ ಶಿಬಿರಕ್ಕೆ ಹೋದೆ. ಆರು ಎಸೆತ ಹಾಕಿದೆ. ‘ಎಷ್ಟು ವರ್ಷದಿಂದ ಲೆದರ್ ಬಾಲಿನಲ್ಲಿ ಆಡ್ತಿದ್ದೀರಿ?’ ಎಂದು ಕೇಳಿದರು. ‘ಆರು ತಿಂಗಳು’ ಎಂದೆ. ಅವರು ನಕ್ಕು ಮುಂದಿನವನನ್ನು ಕರೆದರು. ಅವರದು ತಪ್ಪು ಎನ್ನಲಾರೆ. ನನಗಿಂತ ಚೆನ್ನಾಗಿ ಆಡುವವರು ಅಲ್ಲಿದ್ದರು. ನನ್ನ ತಕರಾರು ಬೇರೆ: ತೊಗರಿ ಹೊಲಕ್ಕೂ ಆ ಶಿಬಿರಕ್ಕೂ ನಡುವೆ ಒಂದೂ ಮೆಟ್ಟಿಲು ಇರಲಿಲ್ಲ.

ಮೆಟ್ಟಿಲು ಎಂದರೇನು ಎಂಬುದು ನನಗೆ ತಿಳಿದದ್ದು ಮಾತ್ರ ದೂರದ ಒಂದು ಆಟದಿಂದ. ಅಮೆರಿಕ, ಕೆನಡಾಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಗೆ ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗ್ ಇದೆ. ಅದರಲ್ಲಿ 32 ತಂಡಗಳು. ಅದರ ಕೆಳಗೆ ಎಎಚ್‌ಎಲ್ ಎಂಬ ಲೀಗ್. ಅಲ್ಲಿಯೂ 32 ತಂಡಗಳು, ಪ್ರತಿ ದೊಡ್ಡ ತಂಡಕ್ಕೆ ಒಂದು ಜೋಡಿ ತಂಡ. ಅದಕ್ಕೂ ಕೆಳಗೆ ಇಸಿಎಚ್‌ಎಲ್. ದೊಡ್ಡ ತಂಡ ತನ್ನ ಕಿರಿಯ ಆಟಗಾರರನ್ನು ಕೆಳಗಿನ ತಂಡಕ್ಕೆ ಕಳಿಸುತ್ತದೆ. ಅವರು ಋತುವಿಡೀ ಸಂಬಳ ಪಡೆದು ಪೈಪೋಟಿಯ ಪಂದ್ಯಗಳನ್ನು ಆಡುತ್ತಾರೆ. ಮೇಲೆ ಯಾರಿಗೋ ಗಾಯವಾದರೆ ಸಂಜೆ ಫೋನ್ ಬರುತ್ತದೆ, ಮರುದಿನ ಹುಡುಗ ದೊಡ್ಡ ತಂಡದಲ್ಲಿ ಆಡುತ್ತಾನೆ.

ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಜೋಡಿ ತಂಡ ಹರ್ಷಿ ಬೇರ್ಸ್. ನಮ್ಮ ಅಂಗಡಿಗಳಲ್ಲೂ ಸಿಗುವ ಆ ಚಾಕೊಲೇಟಿನ ಊರೇ ಈ ಹರ್ಷಿ. ಜನಸಂಖ್ಯೆಯಲ್ಲಿ ನಮ್ಮ ಆಳಂದಕ್ಕಿಂತ ಚಿಕ್ಕದು. 2009–10ರ ಋತುವಿನಲ್ಲಿ ವಾಷಿಂಗ್ಟನ್ ಲೀಗ್ ಹಂತದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿತು. ಅದೇ ವರ್ಷ ಹರ್ಷಿ ತನ್ನ ಲೀಗಿನ ಕ್ಯಾಲ್ಡರ್ ಕಪ್ ಗೆದ್ದಿತು. ಆದರೆ ವಾಷಿಂಗ್ಟನ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಯಿತು. ಕೆಳಗಿನ ತಂಡ ಚೆನ್ನಾಗಿದ್ದ ಮಾತ್ರಕ್ಕೆ ಮೇಲಿನ ತಂಡ ಅದೇ ವರ್ಷ ಗೆಲ್ಲುವುದಿಲ್ಲ. ಇದು ತೊಗರಿಯ ಲೆಕ್ಕವಲ್ಲ, ಮಾವಿನ ಲೆಕ್ಕ. ಫಲ ಬಂದದ್ದು 2018ರಲ್ಲಿ. ಆ ವರ್ಷ ವಾಷಿಂಗ್ಟನ್ ಮೊದಲ ಬಾರಿಗೆ ಸ್ಟ್ಯಾನ್ಲಿ ಕಪ್ ಗೆದ್ದಾಗ ಗೋಲ್‌ಕೀಪರ್ ಬ್ರೇಡನ್ ಹೋಲ್ಟ್‌ಬಿ, ರಕ್ಷಣಾ ಆಟಗಾರ ಜಾನ್ ಕಾರ್ಲ್‌ಸನ್, ಜೇ ಬೀಗಲ್ ಎಲ್ಲರೂ ಹರ್ಷಿಯಲ್ಲಿ ಆಡಿ ಬಂದವರೇ ಆಗಿದ್ದರು.

ಇವರಲ್ಲಿ ಜೇ ಬೀಗಲ್ ನನಗೆ ಹೆಚ್ಚು ಇಷ್ಟ. ಹೊಸ ಆಟಗಾರರನ್ನು ಹಂಚಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಆತನ ಹೆಸರು ಕರೆದಿರಲಿಲ್ಲ. ಮೂರನೇ ಹಂತದ ಲೀಗಿನಿಂದ ಶುರು ಮಾಡಿ ಅಲ್ಲಿ ಕಪ್ ಗೆದ್ದ. ಎರಡನೇ ಹಂತಕ್ಕೆ ಬಂದು ಹರ್ಷಿಯಲ್ಲಿ ಗೆದ್ದ. ಕೊನೆಗೆ ಸ್ಟ್ಯಾನ್ಲಿ ಕಪ್ಪನ್ನೂ ಎತ್ತಿದ. ಮೂರೂ ಹಂತದ ಕಪ್ ಗೆದ್ದ ಮೊದಲ ಆಟಗಾರ ಆತ. ಆರಿಸದೆ ಬಿಟ್ಟವನಿಗೂ ಏರಲು ಅಲ್ಲಿ ದಾರಿ ಇತ್ತು ಎಂಬುದೇ ದೊಡ್ಡ ಮಾತು.

ಅಲ್ಲಿಯೂ ಎಲ್ಲ ಸರಿಯಿದೆ ಎಂದಲ್ಲ. ಕೆಳಗಿನ ತಂಡ ಗೆಲ್ಲುತ್ತಿರುವಾಗಲೇ ಅದರ ಒಳ್ಳೆಯ ಆಟಗಾರನನ್ನು ಮೇಲಿನವರು ಎತ್ತಿಕೊಂಡು ಹೋಗುತ್ತಾರೆ. ಊರಿನ ಜನಕ್ಕೆ ಹೊಟ್ಟೆ ಉರಿಯುತ್ತದೆ. ಆದರೂ ‘ನಮ್ಮ ಕಣ್ಣೆದುರು ಬೆಳೆದವನು’ ಎಂಬ ಹೆಮ್ಮೆ ಅವರದಾಗಿ ಉಳಿಯುತ್ತದೆ. ನಮಗೆ ಆ ಹೊಟ್ಟೆಯುರಿಯ ಭಾಗ್ಯವೂ ಇಲ್ಲ.

ನಮ್ಮಲ್ಲಿ ಏಣಿಯೇ ಇಲ್ಲವೆಂದರೆ ಸುಳ್ಳಾಗುತ್ತದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದಲ್ಲಿ ನಮ್ಮ ಜಿಲ್ಲೆ ಇದೆ. ರಾಯಚೂರಿನ ಮನೋಜ್ ಭಾಂಡಗೆ ರಾಜ್ಯ ತಂಡಕ್ಕೆ ಆಡಿ, 2025ರಲ್ಲಿ ಐಪಿಎಲ್ ಗೆದ್ದ ಆರ್‌ಸಿಬಿ ಬಳಗದಲ್ಲೂ ಇದ್ದರು. ಅವರನ್ನು ನೋಡಿದಾಗ ನಮ್ಮ ಭಾಗದ ಮಣ್ಣಿನಲ್ಲೂ ಸತ್ವವಿದೆ ಎಂದು ಧೈರ್ಯ ಬರುತ್ತದೆ. 2024ರಲ್ಲಿ ಮಹಾರಾಜ ಟ್ರೋಫಿ ಗೆದ್ದಾಗ ಅವರು ಆಡಿದ್ದು ಮೈಸೂರು ವಾರಿಯರ್ಸ್ ಪರವಾಗಿ. ಹರಾಜಿನ ಆಟದಲ್ಲಿ ಅದು ಸಹಜ, ಆಟಗಾರನ ತಪ್ಪೂ ಅಲ್ಲ. ಆದರೆ ಊರಿನ ಹೆಸರಿಗೂ ಊರಿನ ಹುಡುಗರಿಗೂ ನಂಟಿಲ್ಲದಿದ್ದರೆ ಆ ಹೆಸರು ಜೆರ್ಸಿಯ ಬಣ್ಣವಷ್ಟೇ ಆಗುತ್ತದೆ. 2022ರಿಂದ 2025ರವರೆಗೆ ಮಹಾರಾಜ ಟ್ರೋಫಿಯ ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಕಲಬುರಗಿಯ ಹೆಸರಿನ ತಂಡವನ್ನು ಕಲಬುರಗಿಯವರು ಮೊಬೈಲಿನಲ್ಲೇ ನೋಡಿದ್ದೇವೆ.

‘ಎರಡು ವಾರದ ಟೂರ್ನಿಗೆ ತಂಡ ಕಟ್ಟುವವರು ವರ್ಷವಿಡೀ ತಾಲ್ಲೂಕು ಸುತ್ತಬೇಕೇ?’ ಎಂದು ಗೆಳೆಯನೊಬ್ಬ ಕೇಳಿದ. ವರ್ಷವಿಡೀ ಬೇಡ. ಮೂರು ಕೆಲಸ ಸಾಕು. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಿಗೆ ಒಂದೊಂದು ಲೆದರ್ ಬಾಲ್ ತಂಡ ಇರಲಿ, ಅವುಗಳ ನಡುವೆ ಬೇಸಿಗೆಗೆ ಮುನ್ನ ಮ್ಯಾಟ್ ಹಾಸಿಯಾದರೂ ಒಂದು ಲೀಗ್ ನಡೆಯಲಿ. ದೊಡ್ಡ ತಂಡದ ಕೋಚ್‌ಗಳಲ್ಲಿ ಒಬ್ಬರು ಆ ಪಂದ್ಯಗಳನ್ನು ಕಣ್ಣಾರೆ ನೋಡಲಿ. ಅಲ್ಲಿ ಚೆನ್ನಾಗಿ ಆಡಿದ ಇಬ್ಬರನ್ನು ಮಹಾರಾಜ ಟ್ರೋಫಿ ವೇಳೆ ನೆಟ್ ಬೌಲರ್‌ಗಳನ್ನಾಗಿಯಾದರೂ ಕರೆದೊಯ್ಯಲಿ. ದೊಡ್ಡವರ ಪಕ್ಕ ನಿಂತು ಹದಿನೈದು ದಿನ ಚೆಂಡು ಎಸೆದವನು ಊರಿಗೆ ಬಂದು ಇನ್ನು ಇಪ್ಪತ್ತು ಜನರಿಗೆ ಕಲಿಸುತ್ತಾನೆ.

ಇದು ಬರೀ ಆಟದ ಮಾತಲ್ಲ. ಕ್ರೀಡಾ ಕೋಟಾದಡಿ ನೌಕರಿಗೆ ಅರ್ಜಿ ಹಾಕಬೇಕೆಂದರೆ ಮಾನ್ಯತೆ ಇರುವ ಕೂಟದ ಪ್ರಮಾಣಪತ್ರ ಬೇಕು. ಹುಟ್ಟುಹಬ್ಬದ ಕಪ್ಪಿನ ಫೋಟೊ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. 2013ರಲ್ಲಿ ಜಾರಿಗೆ ಬಂದ 371 (ಜೆ) ನಮ್ಮ ಭಾಗಕ್ಕೆ ಸೀಟು ಮತ್ತು ಹುದ್ದೆಗಳಲ್ಲಿ ಪಾಲು ಕೊಟ್ಟಿತು. ಹಿಂದುಳಿದ ಜಾಗಕ್ಕೆ ಮೆಟ್ಟಿಲು ಕಟ್ಟಿಕೊಡಬೇಕು ಎಂದು ಸಂವಿಧಾನವೇ ಒಪ್ಪಿದೆ. ಮೈದಾನಕ್ಕೂ ಆ ಮಾತು ಅನ್ವಯಿಸಬಾರದೇಕೆ?

ನಾವೂ ಬದಲಾಗಬೇಕಿದೆ. ಕೆಳಗಿನ ಮೆಟ್ಟಿಲಲ್ಲಿ ನಿಲ್ಲುವುದನ್ನು ಸೋಲೆಂದುಕೊಳ್ಳುತ್ತೇವೆ. ಐಪಿಎಲ್ ಇಲ್ಲದಿದ್ದರೆ ಏನೂ ಬೇಡ, ಕೆಎಎಸ್ ಆಗದಿದ್ದರೆ ಎಸ್‌ಡಿಎ ಅರ್ಜಿಯೂ ಬೇಡ ಎಂದು ಕೂತವರನ್ನು ನಾನು ಬಲ್ಲೆ. ಒಂದು ವರ್ಷ ನಾನೂ ಹಾಗೆಯೇ ಕೂತಿದ್ದೆ.

ಈಗ ಭಾನುವಾರ ಬೆಳಿಗ್ಗೆ ನಮ್ಮೂರ ಶಾಲೆಯ ಅಂಗಳದಲ್ಲಿ ಒಂಬತ್ತು ಹುಡುಗರಿಗೆ ಲೆದರ್ ಬಾಲ್ ಹಿಡಿಯಲು ಕಲಿಸುತ್ತಿದ್ದೇನೆ. ಚೆಂಡು ಎರಡೇ ಇವೆ, ಒಂದರ ಹೊಲಿಗೆ ಬಿಟ್ಟಿದೆ. ಅವರಲ್ಲಿ ಎಡಗೈಯಲ್ಲಿ ಎಸೆಯುವ ಹನ್ನೆರಡರ ಪೋರನೊಬ್ಬನಿದ್ದಾನೆ. ಅವನಿಗೆ ಹದಿನೆಂಟು ತುಂಬುವಷ್ಟರಲ್ಲಿ ಜೇವರ್ಗಿಗೂ ಕಲಬುರಗಿಗೂ ನಡುವೆ ಯಾರಾದರೂ ಒಂದು ಮೆಟ್ಟಿಲು ಕಟ್ಟಿದರೆ, ಆ ಕಾಕಾನ ಪ್ರಶ್ನೆಗೆ ಉತ್ತರ ಕೊಡಲು ನನ್ನ ಬಳಿ ಒಂದು ಹೆಸರಿರಬಹುದು.